ಸಹಾಯ ಬೇಕು: ತರಗತಿಯ ಎಐ ಕ್ಯಾಮೆರಾಗೆ ಮಿತಿ ಹಾಕುವ ಕರಾರು

ನಮಸ್ಕಾರ. ನನ್ನ ಮಗಳು ಓದುವ ಪ್ರೌಢಶಾಲೆಯ ತರಗತಿಗಳಿಗೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ತರುವ ಮಾತು ನಡೆದಿದೆ. ಹಾಜರಿ ಹಾಕುವುದಲ್ಲದೆ, ಮುಖ ನೋಡಿ ಮಗುವಿಗೆ ಗಮನ ಇದೆಯೋ ಬೇಸರವೋ ಎಂದೂ ಅದು ಗುರುತು ಹಾಕುತ್ತದಂತೆ. ಪೋಷಕರ ಸಭೆಯಲ್ಲಿ ಇದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ತಲೆ ತಗ್ಗಿಸಿ ಕುಳಿತ ಮಗು ಲೆಕ್ಕವನ್ನೇ ಯೋಚಿಸುತ್ತಿರಬಹುದು, ಬೆಳಗ್ಗೆ ಮನೆಯಲ್ಲಿ ಅತ್ತು ಬಂದಿರಬಹುದು. ಅದನ್ನು ಶಿಕ್ಷಕರು ಪಕ್ಕದಲ್ಲಿ ನಿಂತು ಕೇಳಬೇಕು.

ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಶಾಲೆಗಳಲ್ಲಿ ಭಾವನೆ ಗುರುತಿಸುವ ಬಳಕೆಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮೇಲಿನ ನಿಗಾವನ್ನು ತಡೆಯುತ್ತದಾದರೂ, 2025ರ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗಾಗಿ ಶಾಲೆಗಳಿಗೆ ವಿನಾಯಿತಿ ಕೊಟ್ಟಿವೆ. ಆದ್ದರಿಂದ ಕಂಪನಿಯೊಡನೆ ಮಾಡುವ ಕರಾರಿನಲ್ಲೇ ಮಿತಿಗಳನ್ನು ಬರೆಸಬೇಕೆಂಬುದು ನನ್ನ ಹಟ: ಭಾವನೆ ಅಳೆಯುವ ಸೌಲಭ್ಯ ಬೇಡ, ಮಕ್ಕಳ ಮುಖದ ಚಿತ್ರಗಳಿಂದ ಯಂತ್ರಕ್ಕೆ ತರಬೇತಿ ಬೇಡ, ಶಾಲೆ ಬಿಟ್ಟ ಮಗುವಿನ ದಾಖಲೆ ಅಳಿಸಬೇಕು.

ಇಂಥ ಷರತ್ತುಗಳನ್ನು ಬರೆಸಿದ ಪೋಷಕರು, ಶಿಕ್ಷಕರು, ವಕೀಲರು ಯಾರಾದರೂ ಇದ್ದೀರಾ? ಕನ್ನಡದಲ್ಲಿ ಕರಡು ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಮುಂದಿನ ಶನಿವಾರ ಆಡಳಿತ ಮಂಡಳಿಯ ಸಭೆಯಿದೆ, ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ.