ಕೆಟಲ್‌ನ ಬಿಳಿ ಪೊರೆ: ವಿನೆಗರ್ ಮತ್ತು ಸೋಡಾ ಬೆರೆಸಿ ಹಾಕಿದರೂ ಬಿಡುತ್ತಿಲ್ಲ

ಪ್ರಶ್ನೆ (ಬೋರ್‌ನೀರು):
ನಮಸ್ಕಾರ. ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಗೆ ಕೊಳವೆಬಾವಿಯ ನೀರೇ ಆಧಾರ. ಈ ನೀರಿಗೆ ಸೋಪು ನೊರೆ ಕೊಡುವುದಿಲ್ಲ, ತೊಗರಿಬೇಳೆ ಬೇಯಲು ಕುಕ್ಕರ್ ಎರಡು ಕೂಗು ಹೆಚ್ಚೇ ಕೂಗಬೇಕು. ಕಳೆದ ವರ್ಷ ಕೊಂಡ ಸ್ಟೀಲ್ ಕೆಟಲ್‌ನ ತಳದಲ್ಲಿ ಸುಣ್ಣದಂತಹ ಪೊರೆ ಗಟ್ಟಿಯಾಗಿ ಕೂತಿದ್ದು, ಈಗ ಚಹಾದಲ್ಲಿ ಅದರ ಚಕ್ಕೆಗಳು ತೇಲುತ್ತಿವೆ. ಎಲ್ಲರೂ ಹೇಳುವಂತೆ 100 ಮಿ.ಲೀ. ವಿನೆಗರ್‌ಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ, ನೊರೆ ಉಕ್ಕಿದ ಮೇಲೆ ಒಂದು ಗಂಟೆ ಬಿಟ್ಟು ಉಜ್ಜಿದೆ. ಮೂರು ಸಲ ಹೀಗೆ ಮಾಡಿದರೂ ಪೊರೆ ಇದ್ದ ಹಾಗೆಯೇ ಇದೆ. ಸೋಡಾ ಇನ್ನಷ್ಟು ಹಾಕಬೇಕೇ? ಅಥವಾ ಸ್ವಲ್ಪ ಬ್ಲೀಚಿಂಗ್ ಪೌಡರ್ ಸೇರಿಸಬಹುದೇ?

ಉತ್ತರ (ಒಲೆಮೂಲೆ):
ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಬ್ಲೀಚಿಂಗ್ ಪೌಡರನ್ನು ವಿನೆಗರ್, ನಿಂಬೆರಸ, ಬಚ್ಚಲು ತೊಳೆಯುವ ಆಸಿಡ್, ಇವು ಯಾವುದರೊಡನೆಯೂ ಬೆರೆಸಬೇಡಿ. ಹುಳಿ ತಗುಲಿದ ಕೂಡಲೇ ಅದರಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಶ್ವಾಸಕೋಶಕ್ಕೆ ಅಪಾಯಕಾರಿ.

ಇನ್ನು ಸೋಡಾ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕುದಿಯುವಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಅಂಟುತ್ತದೆ, ನಿಮ್ಮ ಪೊರೆ ಬಹುಪಾಲು ಅದೇ. ಅದನ್ನು ಕರಗಿಸುವ ಶಕ್ತಿ ಇರುವುದು ಹುಳಿಗೆ. ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 4ರಿಂದ 5ರಷ್ಟು ಅಸಿಟಿಕ್ ಆಮ್ಲವಿರುತ್ತದೆ, ಅಂದರೆ ನಿಮ್ಮ 100 ಮಿ.ಲೀ.ಯಲ್ಲಿ ಹೆಚ್ಚೆಂದರೆ 5 ಗ್ರಾಂ. ಅಷ್ಟನ್ನೂ ತಟಸ್ಥಗೊಳಿಸಲು 7 ಗ್ರಾಂ ಅಡುಗೆ ಸೋಡಾ ಸಾಕು, ಎರಡು ಚಮಚದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಉಕ್ಕಿದ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಅದು ಅಡಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಸೋಡಿಯಂ ಅಸಿಟೇಟ್ ಕರಗಿದ ನೀರು ಮತ್ತು ಮಿಕ್ಕ ಸೋಡಾ, ಅದರಿಂದ ಈ ಪೊರೆ ಕರಗುವುದಿಲ್ಲ. ಉಕ್ಕುವುದನ್ನು ಕಂಡು ಏನೋ ಕೆಲಸವಾಗುತ್ತಿದೆ ಎಂದು ನಾನೂ ಎಷ್ಟೋ ದಿನ ನಂಬಿದ್ದೆ.

ಬರೀ ವಿನೆಗರ್ ಹಾಕಿದರೂ ಆಗುತ್ತದೆ, ಆದರೆ ವಾಸನೆ ಹೋಗಲು ನಾಲ್ಕು ಸಲ ತೊಳೆಯಬೇಕು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ನನ್ನ ಮಟ್ಟಿಗೆ ಇದಕ್ಕಿಂತ ಮೇಲು. ಒಂದು ಲೀಟರ್ ನೀರಿಗೆ 20 ಗ್ರಾಂ ಹಾಕಿ, ಆವಿ ಏಳತೊಡಗಿದೊಡನೆ ಸ್ವಿಚ್ ಆರಿಸಿ ಅರ್ಧ ಗಂಟೆ ಬಿಡಿ. ಪುಡಿಯನ್ನು ಹೆಚ್ಚಿಗೆ ಸುರಿದು ಕುದಿಸುವುದು ಬೇಡ, ಏಕೆಂದರೆ ಬಿಸಿ ಏರಿದಷ್ಟೂ ಕಡಿಮೆ ಕರಗುವ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕೂರಬಹುದು. ಆಮೇಲೆ ಚೆನ್ನಾಗಿ ತೊಳೆದು, ಒಮ್ಮೆ ಬರೀ ನೀರು ಕಾಯಿಸಿ ಚೆಲ್ಲಿ. ಕೆಟಲ್‌ನ ಬುಡವನ್ನು ನೀರಿನಲ್ಲಿ ಮುಳುಗಿಸಬಾರದು.

ಉತ್ತರ (ಹಿತ್ತಲಗಿಡ):
ಸಾರಿಗೆ ಹಿಂಡಿದ ಹುಣಸೆಯ ಹಿಪ್ಪೆಯನ್ನು ನಾವು ಎಸೆಯುವುದಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಸ್ನಾನದ ಬಕೆಟ್ಟು, ಚೊಂಬುಗಳ ತೆಳು ಬಿಳಿ ಕಲೆಗೆ ಸಾಕಾಗುತ್ತದೆ. ಆದರೆ ವರ್ಷದ ಪೊರೆಗೆ ಅದು ದುರ್ಬಲ, ಮೇಲಾಗಿ ನಾರು ಕೆಟಲ್‌ನ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ (ಬೋರ್‌ನೀರು):
ನಿಂಬೆ ಉಪ್ಪಿನಿಂದ ಮೊದಲ ಸಲಕ್ಕೇ ಮುಕ್ಕಾಲು ಪಾಲು ಹೋಯಿತು, ಎರಡನೆಯ ಸಲಕ್ಕೆ ತಳದ ಸ್ಟೀಲ್ ಕಾಣಿಸಿತು. ಆದರೆ ಚೆಲ್ಲುವಾಗ ಒಂದಿಷ್ಟು ಅಡುಗೆಕಟ್ಟೆಯ ಕಡಪ ಕಲ್ಲಿನ ಮೇಲೆ ಬಿದ್ದು, ಒರೆಸಿದ ಜಾಗದಲ್ಲಿ ಬೂದುಬಣ್ಣದ ಮಸುಕು ಉಳಿದಿದೆ. ಸೋಪಿನಿಂದ ಹೋಗುತ್ತಿಲ್ಲ.

ಉತ್ತರ (ಒಲೆಮೂಲೆ):
ಇದನ್ನು ಮುಂಚೆಯೇ ಹೇಳದಿದ್ದುದು ನನ್ನ ತಪ್ಪು. ಕಡಪ ಕಲ್ಲು ಸುಣ್ಣದಕಲ್ಲಿನ ಜಾತಿಯದು, ನಮ್ಮ ಶಹಾಬಾದ್ ಕಲ್ಲೂ ಹಾಗೆಯೇ. ಕೆಟಲ್‌ನ ಪೊರೆಯನ್ನು ಕರಗಿಸಿದ ಹುಳಿಯೇ ಕಲ್ಲಿನ ಹೊಳಪನ್ನೂ ತಿಂದಿದೆ. ಅದು ಕಲೆಯಲ್ಲ, ಮೇಲ್ಮೈ ಸವೆದದ್ದು, ಹಾಗಾಗಿ ಎಷ್ಟು ತೊಳೆದರೂ ಹೋಗದು. ಒಂದು ಹನಿ ಎಣ್ಣೆ ಸವರಿದರೆ ಕೆಲವು ದಿನ ಮರೆಯಾಗುತ್ತದೆ, ಪೂರ್ತಿ ಸರಿಯಾಗಬೇಕಾದರೆ ಪಾಲಿಶ್ ಮಾಡುವವರನ್ನೇ ಕರೆಯಬೇಕು. ಗ್ರಾನೈಟ್ ಆಗಿದ್ದರೆ ಇಷ್ಟು ಬೇಗ ಮಂಕಾಗುತ್ತಿರಲಿಲ್ಲ. ಇನ್ನೊಮ್ಮೆ ಚೆಲ್ಲಿದರೆ ಆ ಕ್ಷಣವೇ ಅಡುಗೆ ಸೋಡಾ ಉದುರಿಸಿ ಒರೆಸಿ. ಹುಳಿಯನ್ನು ಅಡಗಿಸುವ ಅದರ ಗುಣ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಲು ಹತ್ತಿದ ಸ್ಟೀಲ್ ಪಾತ್ರೆಗೂ ಸೋಡಾ ಹಾಕಿ ನೀರು ಕುದಿಸಬಹುದು, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತದೆ.

ಪ್ರಶ್ನೆ (ಬೋರ್‌ನೀರು):
ಧನ್ಯವಾದಗಳು. ನಲ್ಲಿಯ ಬಾಯಿಗೂ ಹೀಗೆಯೇ ಮಾಡಬಹುದೇ?

ಉತ್ತರ (ಹಿತ್ತಲಗಿಡ):
ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು 15 ನಿಮಿಷ ಸುತ್ತಿಟ್ಟು ತೊಳೆದುಬಿಡಿ. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಮೇಲಿನ ಲೇಪನ ಕೆಡಬಹುದು. ಕೆಳಗೆ ಒಂದು ಬೋಗುಣಿ ಇಡುವುದನ್ನು ಮರೆಯಬೇಡಿ, ಅಲ್ಲಿಯೂ ಕಡಪ ಕಲ್ಲೇ ಇರಬಹುದು.