ಕಾರವಾರ–ಶಿರಸಿ ಒಂದೇ ದಿನದಲ್ಲಿ, ಲಗೇಜ್ ಸಮೇತ: ದೇವಿಮನೆ ಘಟ್ಟಕ್ಕೆ ಈ ಗೇರ್ ಸಾಕಾ?

ಕಡಲದಾರಿ ಕೇಳಿದ್ದು:
ಗೋವಾದಿಂದ ಮೈಸೂರಿಗೆ ಸೈಕಲ್ ಟೂರ್, ಡಿಸೆಂಬರ್ ಮೂರನೇ ವಾರ. ಅದರಲ್ಲಿ ಕಾರವಾರ–ಶಿರಸಿಯನ್ನು ಒಂದೇ ದಿನ ಮುಗಿಸುವ ಯೋಚನೆ. ಮುಂದಿನ ಎರಡು ಹಲ್ಲುಚಕ್ರ 50/34 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಚ್ಛ) 11-28, ಗೇರ್ ಸೆಟ್ ಶಿಮಾನೋ 105 (11 ಸ್ಪೀಡ್), ಟೈರ್ 700x32. ನನ್ನ ತೂಕ 70 ಕೆಜಿ, ಸೈಕಲ್ 12, ಹಿಂದಿನ ಪ್ಯಾನಿಯರ್‌ಗಳಲ್ಲಿ (ಪಕ್ಕದ ಚೀಲಗಳಲ್ಲಿ) 15. ಗೇರ್ ಬದಲಿಸಬೇಕಾ? ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬರುವುದು ಸುಲಭವಾ?

ಗೇರುಬೀಜ:
ಬದಲಿಸಿ. 34/28ರಲ್ಲಿ (ಮುಂದೆ 34, ಹಿಂದೆ 28 ಹಲ್ಲು) ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 9.4 ಕಿ.ಮೀ. ನೂರಕ್ಕೆ ಆರರ ಏರಿನಲ್ಲಿ 97 ಕೆಜಿಯನ್ನು ಆ ವೇಗಕ್ಕೆ ಎಳೆಯಲು 170 ವ್ಯಾಟ್ ಬೇಕು. ಅಷ್ಟು ಶಕ್ತಿ ಇಲ್ಲವೆಂದರೆ ಸುತ್ತು 50ಕ್ಕೆ ಇಳಿಯುತ್ತದೆ, ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ 60 ಸುತ್ತಿಗೆ 7.8 ಕಿ.ಮೀ., 140 ವ್ಯಾಟ್ ಸಾಕು. ಹಿಂದಿನ ದಿನ, ಮರುದಿನ ಎರಡೂ ತುಳಿಯುವವರಿಗೆ ಈ 30 ವ್ಯಾಟ್ ದೊಡ್ಡದು.

ಮೊದಲು ಹಿಂದಿನ ಡೆರೈಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ನೋಡಿ. 105 R7000 ಮಾದರಿಯ ಗಿಡ್ಡ ಕೇಜ್ (ಡೆರೈಲರಿನ ಚೈನ್ ಹಿಡಿಯುವ ತೋಳು) 30 ಹಲ್ಲಿನವರೆಗೆ ಮಾತ್ರ, ಹಳೆಯ 5800ರದ್ದು 28ರವರೆಗೆ; 34ಕ್ಕೆ R7000ರ ಉದ್ದ ಕೇಜ್ ಬೇಕು. ಹಳೆಯ ಚೈನ್ ಗಿಡ್ಡವಾಗುತ್ತದೆ. ಮುಂದೆ 50, ಹಿಂದೆ 34ರ ಮೇಲೆ ಡೆರೈಲರ್ ಬಿಟ್ಟು ಚೈನ್ ಸುತ್ತಿ, ಕೂಡುವ ಜಾಗಕ್ಕಿಂತ ಎರಡು ಲಿಂಕ್ ಹೆಚ್ಚು ಇಡಿ. ಇದನ್ನು ಬಿಟ್ಟರೆ, ಆಯಾಸದಲ್ಲಿ ಕೈತಪ್ಪಿ ಮುಂದೆ ದೊಡ್ಡದು, ಹಿಂದೆಯೂ ದೊಡ್ಡದಕ್ಕೆ ಹಾಕಿದ ಕ್ಷಣ ಹ್ಯಾಂಗರ್ (ಡೆರೈಲರ್ ತೂಗುವ ಕೊಂಡಿ) ಮುರಿಯಬಹುದು. ಕೊನೆಗೆ ಡೆರೈಲರಿನ ಬಿ-ಸ್ಕ್ರೂ (ಅಂತರ ಹೊಂದಿಸುವ ತಿರುಪು) ತಿರುಗಿಸಿ ಮೇಲಿನ ಪುಲ್ಲಿಗೂ ದೊಡ್ಡ ಹಲ್ಲುಚಕ್ರಕ್ಕೂ 5–6 ಮಿ.ಮೀ. ಅಂತರ ಕೊಡಿ.

ಘಟ್ಟದಂಚು:
ಅರಬೈಲ್ ಬೇಡ. ಹುಬ್ಬಳ್ಳಿ ಕಡೆಯ ಲಾರಿಗಳೆಲ್ಲ ಆ ಹೆದ್ದಾರಿಯಲ್ಲೇ. ತಿರುವಿನಲ್ಲಿ ಎರಡು ಲಾರಿ ಎದುರುಬದುರಾದರೆ ಸೈಕಲ್ಲಿಗೆ ಜಾಗವೇ ಇರುವುದಿಲ್ಲ. ಯಲ್ಲಾಪುರದಿಂದ ಶಿರಸಿಗೆ ಮತ್ತೆ 50 ಕಿ.ಮೀ.

ಅಂಕೋಲಾ, ಶಿರೂರು, ಹಿರೇಗುತ್ತಿ, ಮಿರ್ಜಾನ್ ದಾಟಿ ಬನ್ನಿ. ಕುಮಟಾ ಪೇಟೆಗೆ ಹೋಗಬೇಕಿಲ್ಲ, ಅಘನಾಶಿನಿ ಸೇತುವೆ ಆದಮೇಲೆ ದೀವಗಿಯಲ್ಲಿ ಎಡಕ್ಕೆ, ದೇವಿಮನೆ ಘಟ್ಟದ ಕಡೆಗೆ ತಿರುಗಿ. ಒಟ್ಟು ಸುಮಾರು 120 ಕಿ.ಮೀ. ಅರ್ಧಕ್ಕಿಂತ ಹೆಚ್ಚು ದಾರಿ ಸಮುದ್ರಮಟ್ಟದಲ್ಲೇ, ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ.

ಎಲ್ಲರೂ ಘಟ್ಟಕ್ಕೆ ಹೆದರುತ್ತಾರೆ, ಆದರೆ ಕಾಲು ಸೋಲುವುದು ಘಟ್ಟ ಮುಗಿದ ಮೇಲೆ. ದೇವಿಮನೆ ದಾಟಿದರೆ ಸಪಾಟು ಎಂದುಕೊಂಡರೆ ಕೆಟ್ಟಿರಿ. ಬಂಡಲ, ರಾಗಿಹೊಸಳ್ಳಿ ಕಡೆ ಹಳ್ಳಕ್ಕೆ ಇಳಿ, ಮತ್ತೆ ಹತ್ತು, ಶಿರಸಿಯ ತನಕ ಇದೇ ಪಾಡು. ಘಟ್ಟದಲ್ಲಿ ಮಾತಾಡುತ್ತಾ ತುಳಿಯುವಷ್ಟೇ ಜೋರು ಹಾಕಿ.

ಆ ತಿಂಗಳು ಬೆಳಕು ಹರಿಯುವುದು 6.30ರ ಮೇಲೆ, ಸಂಜೆ 6ಕ್ಕೆ ಸೂರ್ಯ ಮುಳುಗುತ್ತದೆ, ಕಾಡಿನೊಳಗೆ ಇನ್ನೂ ಬೇಗ ಕತ್ತಲು. ಬೆಳಕಾದ ಕೂಡಲೇ ಹೊರಟು 11ರೊಳಗೆ ಘಟ್ಟದ ಕೆಳಗಿನ ಕತಗಾಲ ಸೇರಿ. ಮಧ್ಯಾಹ್ನ 2 ಆದರೂ ಕತಗಾಲದಲ್ಲೇ ಇದ್ದರೆ ಅವತ್ತು ಹತ್ತಬೇಡಿ, ಕುಮಟಾಕ್ಕೆ ಹಿಂತಿರುಗಿ ಉಳಿಯಿರಿ. ಕಾರವಾರ ಬಿಡುತ್ತಲೇ ಸಿಗುವ ಸುರಂಗಕ್ಕೆ ಹಿಂಬದಿಯ ಕೆಂಪು ದೀಪ ಹಚ್ಚಿರಲಿ. ಘಟ್ಟದಲ್ಲಿ ಅಗಲೀಕರಣಕ್ಕೆಂದು ರಸ್ತೆ ಮುಚ್ಚಿದ್ದುಂಟು, ಹಿಂದಿನ ದಿನವೇ ವಿಚಾರಿಸಿ.

ಮುರುಗಲು:
ಡಿಸೆಂಬರ್ ಎಂದರೂ ಕರಾವಳಿಯ ಸೆಕೆ ಬಿಡದು. ಗಂಟೆಗೆ 500–750 ಮಿ.ಲೀ. ಕುಡಿಯಿರಿ. ಬರೀ ನೀರಾದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಓಕರಿಕೆ. ಒಂದು ಲೀಟರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು; ಮೇಲೆ ಮುರುಗಲು ರಸ ಹಿಂಡಿದರೆ ಬಾಯಿಗೂ ಸೇರುತ್ತದೆ. ಘಟ್ಟದಲ್ಲಿ ಅಂಗಡಿ ನಂಬಬೇಡಿ, ಕತಗಾಲದಲ್ಲೇ ಎರಡೂವರೆ ಲೀಟರ್ ತುಂಬಿಕೊಳ್ಳಿ.

15 ಕೆಜಿ ಪೂರ್ತಿ ಹಿಂದೆ ಇದ್ದರೆ ಮುರಿಯುವುದು ಹಿಂದಿನ ಚಕ್ರದ ಬಲಗಡೆಯ ಕಡ್ಡಿ (ಸ್ಪೋಕ್). ಅದನ್ನು ಹಾಕಲು ಕ್ಯಾಸೆಟ್ ಬಿಚ್ಚಲೇಬೇಕು. ಹಾಗಾಗಿ ಅದೇ ಅಳತೆಯ ಮೂರು ಕಡ್ಡಿಯ ಜೊತೆ ಕ್ಯಾಸೆಟ್ ಬಿಚ್ಚುವ ಸಾಧನವೂ ಇರಲಿ, ಬರೀ ಕಡ್ಡಿ ಒಯ್ದು ಪ್ರಯೋಜನವಿಲ್ಲ.

ಕಡಲದಾರಿ:
ನನ್ನದು ಗಿಡ್ಡ ಕೇಜ್. ಡೆರೈಲರ್ ಬದಲಿಸುವಷ್ಟು ಸಮಯವಿಲ್ಲ.

ಗೇರುಬೀಜ:
ಹಾಗಾದರೆ, R7000 ಆಗಿದ್ದರೆ 11-30 ಹಾಕಿ, ಚೈನ್ ಉದ್ದ ಮತ್ತೆ ಅಳೆಯಿರಿ, 3 ಕೆಜಿ ಸಾಮಾನು ಕಾರವಾರದಿಂದಲೇ ಪಾರ್ಸೆಲ್ ಮಾಡಿ ಮುಂದೆ ಕಳಿಸಿ.