ಕ್ವಾಡ್, ಆಕಸ್ ಇದ್ರ ಸಮುದ್ರ ಖರೇನೂ ಸೇಫ್ ಆಗ್ತದೇನ್ರಿ?

ತೊಗರಿ ಹುಡುಗ (ಕಲಬುರಗಿ):
ಇಲ್ಲಿ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ಲಾಕತ್ತೀನ್ರಿ. ಮೊನ್ನಿ ಊರಿಗಿ ಹೋದಾಗ ನಮ್ಮ ಕಾಕಾ, ನೀ ಓದೋ ಕ್ವಾಡು ಗೀಡುಕ್ಕೂ ನಮ್ಮ ಡಿಎಪಿ ಚೀಲಕ್ಕೂ ಏನರೆ ಸಂಬಂಧ ಅದನು ಅಂದ, ಬಾಯಿ ಬರ್ಲಿಲ್ಲ. ನಮ್ಮ ಹಡಗಕ್ಕ ಯಾರರೆ ಹೊಡದ್ರ ಕ್ವಾಡ್ ಕೂಟದ ಉಳಿದ 3 ದೇಶ (ಅಮೆರಿಕಾ, ಜಪಾನ್, ಆಸ್ಟ್ರೇಲಿಯಾ) ಓಡಿ ಬರ್ತಾವೇನ್ರಿ, ಅಮೆರಿಕಾ-ಯುರೋಪಿನವರ ಸೈನ್ಯದ ಕೂಟ ನ್ಯಾಟೋ ಹಂಗ?

ಬೀದರ್ ಕೋಟಿ:
ಬರಂಗಿಲ್ಲ ತಮ್ಮಾ. ಒಬ್ಬರ ಮ್ಯಾಲ ದಾಳಿ ಆದ್ರ ಎಲ್ಲರ ಮ್ಯಾಲ ಆದಂಗ ಅನ್ನೋ 5ನೇ ಕಲಂ ನ್ಯಾಟೋದಾಗ ಅದ, ಕ್ವಾಡ್‌ನಾಗ ಅಂಥಾದ್ದು ಏನೂ ಇಲ್ಲ. ರಾಶಿ ಟೈಮಿಗಿ ಮುಯ್ಯಾಳು ಹೋಗ್ತೇವಲ್ಲ, ಹಂಗ ತಿಳ್ಕೊ. 2016ರಾಗ ಅಮೆರಿಕಾ ಜೋಡಿ ಲೆಮೋವಾ ಅಂತ ಒಪ್ಪಂದ ಆಯ್ತು, ಅವರ ಬಂದರದಾಗ ನಮ್ಮ ಹಡಗ ಎಣ್ಣಿ ಹಾಕಸ್ಕೋಬಹುದು, ನಮ್ಮಲ್ಲಿ ಅವರವು. ಅವರ ಜೋಡಿ ಮಲಬಾರ್ ಅನ್ನೋ ನೌಕಾ ಸಮರಾಭ್ಯಾಸ 1992ರಿಂದನೇ ಅದ. ಆದ್ರ ಬದುವಿನ ಜಗಳಕ್ಕ ಬಡಗಿ ಹಿಡ್ಕೊಂಡು ಯಾರೂ ಬರಂಗಿಲ್ಲ.

ಯಾದಗಿರಿ ಮಾಸ್ತರ್:
ಡಿಎಪಿ ಮಾತು ನಾ ಹೇಳ್ತೀನಿ. ಗೊಬ್ಬರದ ಕಚ್ಚಾ ಮಾಲು ಜೋರ್ಡಾನ್‌ದಿಂದ ಕೆಂಪು ಸಮುದ್ರ ದಾಟೇ ಬರ್ಬೇಕು. 2023 ನವೆಂಬರ್‌ದಾಗ ಯೆಮೆನ್ ದೇಶದ ಹೂತಿ ಬಂಡುಕೋರರು ಅಲ್ಲಿ ಹಡಗ ಹಿಡೀಲಾಕ ಸುರು ಮಾಡಿದ್ರು, ಡಿಸೆಂಬರ್‌ದಾಗ ಅಮೆರಿಕಾ ಹತ್ತಾರು ದೇಶ ಕೂಡ್ಸಿ ಕಾವಲು ಹಾಕ್ತು, ಆದ್ರೂ ದಾಳಿ ನಿಲ್ಲಲಿಲ್ಲ, ಕಂಪನಿಗಳು ಆಫ್ರಿಕಾ ಸುತ್ತಿ 10-14 ದಿನ ಜಾಸ್ತಿ ಹಾಕ್ಕೊಂಡು ಬಂದ್ವು, ಬಾಡಿಗಿ ಏರ್ತು, ಅದು ಕಡೀಗಿ ಯಾರ ಮ್ಯಾಲ ಬೀಳ್ತದ ಹೇಳ್ರಿ. ನಮ್ಮವರು ಆ ಕೂಟಕ್ಕ ಸೇರ್ಲಿಲ್ಲ, ತಮ್ಮ ಹಡಗ ತಾವೇ ಕಳಸಿದ್ರು. 2024 ಮಾರ್ಚ್‌ದಾಗ ಐಎನ್‌ಎಸ್ ಕೋಲ್ಕತ್ತಾ 35 ಸೊಮಾಲಿ ಕಡಲ್ಗಳ್ಳರನ್ನ ಹಿಡದು, ಅವರು ವಶ ಮಾಡ್ಕೊಂಡಿದ್ದ ರುಯೆನ್ ಹಡಗದ 17 ಮಂದಿನ್ನ ಬಿಡಸ್ತು. ಆದ್ರ ಕಮಾಂಡೋಗಳ್ನ ಸಮುದ್ರಕ್ಕ ಇಳಸಿದ್ದು ಅಮೆರಿಕಾದಾಗ ಮಾಡಿದ ಸಿ-17 ವಿಮಾನ, ಅದನ್ನೂ ನೆನಪಿಡ್ರಿ.

ಶರಣು ಕೆ:
ಮಾಸ್ತರ್ ಮಾತಿಗಿ ಒಂದು ಸೇರಸ್ತೀನ್ರಿ. ದೂರದ ದೊಡ್ಡವರ ಕೂಟಕ್ಕಿಂತ ದಂಡಿ ಮ್ಯಾಲ ಇರೋರು ಕೂಡಿದ್ರ ಪಾಡು. ಮಲಕ್ಕಾ ಜಲಸಂಧಿಯಾಗ ಕಡಲ್ಗಳ್ಳರ ಕಾಟಕ್ಕ 2004ರಿಂದ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ ಕೂಡಿ ಗಸ್ತು ತಿರುಗಿದ್ರು, 2006ರಾಗ ಲಂಡನ್ನಿನ ಲಾಯ್ಡ್ಸ್ ವಿಮಾದವ್ರು ಆ ದಾರೀನ್ನ ಯುದ್ಧದ ಅಪಾಯದ ಪಟ್ಟಿಂದ ತಗದ್ರು. 2021ರಾಗ ಆಕಸ್ (ಆಸ್ಟ್ರೇಲಿಯಾಕ್ಕ ಅಣುಶಕ್ತಿ ಸಬ್‌ಮರೀನ್ ಕೊಡ್ಲಾಕ ಅಮೆರಿಕಾ, ಬ್ರಿಟನ್, ಆಸ್ಟ್ರೇಲಿಯಾ ಮಾಡ್ಕೊಂಡ ಕೂಟ) ಬಂದಾಗ ಅದೇ ಇಂಡೋನೇಷ್ಯಾ, ಮಲೇಷ್ಯಾ ಇನ್ನ ಎಲ್ಲರೂ ಶಸ್ತ್ರ ಕೊಳ್ಳಾಕ ಓಡ್ತಾರ ಅಂತ ಅಂಜಿದ್ವು. ಫ್ರಾನ್ಸ್ ಅಂತೂ ಆಸ್ಟ್ರೇಲಿಯಾ ತನಗ ಕೊಟ್ಟಿದ್ದ ಸಬ್‌ಮರೀನ್ ಆರ್ಡರ್ ಹೋತಂತ ಸಿಟ್ಟಿಗೆದ್ದು ರಾಯಭಾರಿಗಳ್ನೇ ವಾಪಸ್ ಕರಸ್ಕೊಂಡ್ತು, ದೋಸ್ತರೊಳಗೇ ಹಿಂಗ!

ತೊಗರಿ ಹುಡುಗ:
ಥ್ಯಾಂಕ್ಸ್ ರಿ ಎಲ್ಲರಿಗೂ. ಮುಯ್ಯಾಳು ಅಂದ ಕೂಡ್ಲೇ ಕಾಕಾಗ ತಿಳೀತು. ಆದ್ರ ಈಗ ಹೊಸಾ ಪ್ರಶ್ನಿ ಹಾಕ್ಯಾನ: ಹಂಗಿದ್ರ ತಿರುಗಿ ಹೋಗೋ ಪಾಳಿ ನಮಗೂ ಬರ್ತದಲ್ಲ, ತೈವಾನ್ ಕಡಿ ಜಗಳ ಎದ್ರ ಕರೀತಾರೇನು ಅಂತ. ಇದಕ್ಕ ಏನ್ ಹೇಳ್ಲಿ ಬೀದರ್ ಅಣ್ಣಾ?